ಸೋಣದಲ್ಲಿ ಪದವಿಗೆ ಬನ್ನಿ

ಕಾಸರಗೋಡಿಗೆ ಕ್ಯಾಮೆರಾ ಹಿಡಿದುಕೊಂಡು ಬರುವ ಸ್ನೇಹಿತರು ಮೊದಲು ಕೇಳುವುದು ಬೇಕಲ ಕೋಟೆ, ಆಮೇಲೆ ಪೊಸಡಿಗುಂಪೆ ಗುಡ್ಡ. ಎರಡೂ ಚೆಂದವೇ. ಆದರೆ ಮಳೆಗಾಲದಲ್ಲಿ ಬಂದವರನ್ನು ನಾನು ಕರೆದುಕೊಂಡು ಹೋಗುವುದು ಸೀತಾಂಗೋಳಿ, ಅನಂತಪುರ ಕಡೆಯ ಪದವಿಗೆ. ಪದವು ಎಂದರೆ ಮುರಕಲ್ಲು (ಜಂಬಿಟ್ಟಿಗೆ) ಹಾಸಿದ, ಮೇಲೆ ಸಮತಟ್ಟಾದ ಬಯಲು.

ಬೇಸಗೆಯಲ್ಲಿ ಅಲ್ಲಿ ಕಾಣುವುದು ಕಪ್ಪುಗಟ್ಟಿದ ಮುರಕಲ್ಲು, ಒಣಹುಲ್ಲು ಅಷ್ಟೆ. ಜೂನಿನಲ್ಲಿ ನಾಲ್ಕು ಮಳೆ ಬಿದ್ದ ಮೇಲೆ ನೋಡಬೇಕು. ಕಲ್ಲಿನ ಗುಳಿಗಳಲ್ಲಿ ನೀರು ನಿಂತು ಹಸಿರು ಏಳುತ್ತದೆ. ಮತ್ತೆ ಎರಿಯೋಕಾಲನ್ ಎಂಬ ಸಣ್ಣ ಗಿಡದ ಬಿಳಿ ಹೂಗಳು. ಆಗಸ್ಟ್-ಸೆಪ್ಟೆಂಬರ್ ಹೊತ್ತಿಗೆ, ತುಳುವರ ಸೋಣ ತಿಂಗಳು ಬರುವಾಗ ಇಡೀ ಪದವಿನಲ್ಲಿ ನೀಲಿ ಹೂ. ಮಲಯಾಳದವರು ಓಣಂ ಪೂಕ್ಕಳಕ್ಕೆ (ಹೂವಿನ ರಂಗೋಲಿಗೆ) ಕೊಯ್ಯುವ ಕಾಕ್ಕಪ್ಪೂವು ಇದೇ. ವಿಜ್ಞಾನದ ಹೆಸರು ಯುಟ್ರಿಕ್ಯುಲೇರಿಯಾ.

ಇಷ್ಟು ಸಣ್ಣ ಹೂ ಹುಳ ತಿನ್ನುವ ಗಿಡದ್ದು ಎಂದರೆ ನಂಬುವುದು ಕಷ್ಟ ಅಲ್ವಾ? ಮುರಕಲ್ಲಿನ ಮೇಲೆ ಮಣ್ಣು ಬೆರಳು ದಪ್ಪವೂ ಇರುವುದಿಲ್ಲ, ಸಾರವಂತೂ ಇಲ್ಲವೇ ಇಲ್ಲ. ಅದಕ್ಕೇ ಈ ಗಿಡ ಒದ್ದೆ ಮಣ್ಣಿನೊಳಗೆ ಸಣ್ಣ ಸಣ್ಣ ಚೀಲ ಇಟ್ಟುಕೊಂಡಿದೆ. ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿ ತಾಗಿದರೆ ಬಾಗಿಲು ತೆರೆದು ನೀರಿನ ಜೊತೆ ಒಳಗೆ ಎಳೆದುಕೊಳ್ಳುತ್ತದೆ. ಇದಕ್ಕೆ ಬೇಕಾಗುವುದು ಸೆಕೆಂಡಿನ ಸಾವಿರದ ಒಂದು ಪಾಲಿಗಿಂತಲೂ ಕಡಿಮೆ. ಕ್ಯಾಮೆರಾದ ಶಟರನ್ನು 1/1000 ಸೆಕೆಂಡಿಗೆ ಇಟ್ಟು ಕೂತವನಿಗೆ ಆ ವೇಗ ಏನೆಂದು ಗೊತ್ತು.

ನಿಂತುಕೊಂಡು ತೆಗೆದರೆ ಫೋಟೋದಲ್ಲಿ ಬರೀ ನೀಲಿ ಕಲೆ ಬರುತ್ತದೆ. ಮಲಗಲೇಬೇಕು. ಮುರಕಲ್ಲು ಮೊಣಕೈಯನ್ನು ತರಚುತ್ತದೆ, ದಪ್ಪ ಟಾರ್ಪಾಲಿನ ತುಂಡು ಇರಲಿ. ಮ್ಯಾಕ್ರೋ ಲೆನ್ಸ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ಚಿಂತೆ ಇಲ್ಲ. ಮೊಬೈಲನ್ನು ತಲೆಕೆಳಗೆ ಹಿಡಿಯಿರಿ, ಲೆನ್ಸ್ ನೆಲಕ್ಕೆ ಹತ್ತಿರವಾಗಿ ಹೂ ಆಕಾಶಕ್ಕೆ ಎದ್ದು ನಿಲ್ಲುತ್ತದೆ. ಬಿಸಿಲಿಗೆ ಈ ನೀಲಿ ಬಿಳಿಚಿಕೊಳ್ಳುತ್ತದೆ, ಮೋಡದ ಬೆಳಕೇ ಚೆಂದ. ಬಿಸಿಲು ಬಂದರೆ ಕೊಡೆ ಅಡ್ಡ ಹಿಡಿದರಾಯಿತು. ಗಾಳಿ ಏಳುವ ಮೊದಲು, ಬೆಳಿಗ್ಗೆಯೇ ಕೆಲಸ ಮುಗಿಸಬೇಕು.

ಹೋದ ವರ್ಷ ದನ ಮೇಯಿಸುತ್ತಿದ್ದ ಅಕ್ಕ ಒಬ್ಬರು ನಾನು ಮಲಗಿದ್ದನ್ನು ನೋಡಿ ಬಂದರು. "ಹೂವಿನ ಫೋಟೋವಾ? ಇಲ್ಲಿ ಎಂತ ಉಂಟು, ಆಚೆ ಪಳ್ಳದ ಬದಿಗೆ ಹೋಗಿ. ಅಲ್ಲಿ ನೀರು ಆರುವುದು ತಡ, ಹೂವು ಜಾಸ್ತಿ" ಎಂದರು. ಹೋದೆ. ಪಳ್ಳ ಎಂದರೆ ಪದವಿನ ಮೇಲೆ ಮಳೆನೀರು ನಿಲ್ಲುವ ಹೊಂಡ. ಅದರ ಸುತ್ತ ಕಾಲಿಡಲು ಜಾಗವಿಲ್ಲದಷ್ಟು ಹೂ! ನನ್ನ ಅತ್ಯಂತ ಒಳ್ಳೆಯ ಚಿತ್ರ ಅವತ್ತಿನದು.

ಮಹಾರಾಷ್ಟ್ರದ ಸಾತಾರದ ಕಾಸ್ ಪ್ರಸ್ಥಭೂಮಿಯನ್ನೂ ನಾನು ನೋಡಿದ್ದೇನೆ. ಅಲ್ಲಿಯೂ ಮುರಕಲ್ಲು, ಅಲ್ಲಿಯೂ ಇದೇ ಜಾತಿಯ ನೀಲಿ. 2012ರಲ್ಲಿ ಪಶ್ಚಿಮ ಘಟ್ಟದ ಜೊತೆ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಜಾಗ ಅದು. ನಮ್ಮ ಪದವನ್ನು ಮಾತ್ರ ಪಾಳು ಜಾಗ ಎನ್ನುತ್ತೇವೆ. ಪಾಳು ಎಂದ ಕೂಡಲೇ ಕಲ್ಲು ಕೊಯ್ಯುವ ಯಂತ್ರ ಬರುತ್ತದೆ. ಕೋರೆ ಮಾಡಿದ ಕಡೆ ಹೂವೂ ಇಲ್ಲ, ಪಳ್ಳವೂ ಇಲ್ಲ. ಪದವಿನಲ್ಲಿ ಇಂಗಿದ ನೀರೇ ಕೆಳಗೆ ನಮ್ಮ ತೋಟಗಳ ಸುರಂಗದಲ್ಲಿ, ಅಂದರೆ ನೀರಿಗಾಗಿ ಗುಡ್ಡಕ್ಕೆ ಅಡ್ಡವಾಗಿ ಕೊರೆದ ಬಿಲದಲ್ಲಿ, ಹನಿಯುವುದು. ಅದನ್ನು ನೆನೆಸಿದರೆ ನನಗೆ ಹೊಟ್ಟೆ ಉರಿಯುತ್ತದೆ. ಅದಕ್ಕೇ ಪ್ರತಿ ಮಳೆಗಾಲ ಒಂದೇ ಜಾಗಕ್ಕೆ ಹೋಗಿ, ಒಂದೇ ಕಲ್ಲಿನ ಮೇಲೆ ನಿಂತು ಅಗಲದ ಚಿತ್ರವನ್ನೂ ತೆಗೆದಿಡುತ್ತಿದ್ದೇನೆ. ಅಲ್ಲಿ ಏನಿತ್ತು ಎಂದು ನಾಳೆ ಯಾರಾದರೂ ಕೇಳಿದರೆ ತೋರಿಸಲು ಬೇಕು.

ಬರುವವರಿದ್ದರೆ ಓಣಂ ಹೊತ್ತಿಗೆ ಬನ್ನಿ. ಬರೀ ಕಲ್ಲು ಕಾಣುವಲ್ಲಿ ಹೆಜ್ಜೆ ಇಡಿ, ಹೂವಿನ ಹಾಸಿನ ಮೇಲೆ ಬೇಡ. ಪಾಚಿ ಜಾರುತ್ತದೆ, ಹಿಡಿತ ಇರುವ ಚಪ್ಪಲಿ ಹಾಕಿಕೊಳ್ಳಿ.