ಹದಿನಾರರಲ್ಲಿ ಒಂಬತ್ತು: ನನ್ನ ಡೆಲ್ಫ್ಟ್ ಟೈಲ್ ಬೇಟೆಯ ಲೆಕ್ಕ

ನೆದರ್‌ಲ್ಯಾಂಡ್ಸ್‌ನ ಹೇಗ್‌ನಲ್ಲಿರುವ ನಮ್ಮ ಮನೆಯ ಬಾಗಿಲು ತೆಗೆದರೆ ಎದುರಿಗೇ ಒಂದು ಖಾಲಿ ಗೋಡೆ. ಅಲ್ಲಿ 'ಡೆಲ್ಫ್ಟ್ ಟೈಲ್' ಅಂತ ಕರೆಯುವ ಹದಿನಾರು ಹಳೆಯ ಡಚ್ ಟೈಲ್‌ಗಳನ್ನು ನಾಲ್ಕು ಸಾಲಾಗಿ ಕೂರಿಸಬೇಕು ಅಂತ ಜನವರಿಯಲ್ಲಿ ಹೊರಟವಳು ನಾನು. ಎಲ್ಲದರಲ್ಲೂ ಮಕ್ಕಳ ಆಟದ ಚಿತ್ರವೇ ಇರಬೇಕು. 18ನೇ ಶತಮಾನದ್ದಾಗಿರಬೇಕು. ಬಣ್ಣ ನೀಲಿ, ನಾಲ್ಕೂ ಮೂಲೆಯಲ್ಲಿ ಜೇಡದಂಥ ಗುರುತು. ಒಂದಕ್ಕೆ 40 ಯೂರೋ ದಾಟಬಾರದು.

ವಿಡಿಯೋ ಕಾಲ್‌ನಲ್ಲಿ ಅಮ್ಮನಿಗೆ ತೋರಿಸಿದೆ. "ಅಲ್ಲ ಕಣೇ, ಯಾರದೋ ಮನೆ ಬಚ್ಚಲಿನ ಗೋಡೆ ಕಿತ್ತಿದ್ದನ್ನ ದುಡ್ಡು ಕೊಟ್ಟು ತರ್ತೀಯಾ?" ಅಂದರು. ಬಚ್ಚಲಲ್ಲಮ್ಮಾ, ಒಲೆ ಸುತ್ತ ಇದ್ದದ್ದು ಅಂದೆ. ಅದಕ್ಕೂ ಸಮಾಧಾನ ಆಗಲಿಲ್ಲ.

ಫೆಬ್ರವರಿ ಮುಗಿಯುವಾಗ ನಾಲ್ಕು ಸಿಕ್ಕಿದ್ದವು. ಅಲ್ಲಿಂದ ಮುಂದಿನ ಕಥೆ ಇದು.

ಮಾರ್ಚ್ 9

ಬುಗುರಿ ಆಡಿಸುವ ಹುಡುಗ ಸಿಕ್ಕಿದ! ಒಂದು ಅಂಗಡಿಯಲ್ಲಿ, 45 ಯೂರೋಗೆ. ನನ್ನ ನಿಯಮ ನಾನೇ ಮುರಿದೆ. "ರಿಪೇರಿ ಏನೂ ಇಲ್ಲ, ಇದ್ದ ಹಾಗೇ ಇದೆ" ಅಂತ ಅಂಗಡಿಯವರು ಎರಡು ಸಲ ಹೇಳಿದರು. ಎರಡನೇ ಸಲ ಹೇಳಿದಾಗಲೇ ನನಗೆ ಅನುಮಾನ ಬರಬೇಕಿತ್ತು.

ರಾತ್ರಿ ಲೈಟ್ ಆರಿಸಿ ಯುವಿ ಟಾರ್ಚ್ ಬಿಟ್ಟೆ. ಬಲಗಡೆಯ ಕೆಳಮೂಲೆ ಮಾತ್ರ ಬೇರೆ ಥರ ಹೊಳೆಯಿತು. ಹತ್ತಿಗೆ ಅಸಿಟೋನ್ ಹಾಕಿ ಒರೆಸಿದರೆ ನೀಲಿ ಜೇಡ ಪೂರ್ತಿ ಹತ್ತಿಗೆ ಬಂತು. ಕೆಳಗೆ ಬರೀ ಪ್ಲಾಸ್ಟರ್. ಮೂಲೆ ಮುರಿದಿತ್ತು, ಯಾರೋ ತುಂಬಿ ಬಣ್ಣ ಬಳಿದಿದ್ದರು. ವಾಪಸ್ ತೆಗೆದುಕೊಳ್ಳಲ್ಲ ಅಂದುಬಿಟ್ಟರು.

ಒಂದು ದಿನ ಸಿಟ್ಟು ಮಾಡಿಕೊಂಡು ಕೂತೆ. ಆಮೇಲೆ ನೋಡಿದರೆ ಹುಡುಗ, ಚಾಟಿ, ಬುಗುರಿ ಎಲ್ಲಾ ಅಸಲಿ. ಆ ಮೂಲೆಯನ್ನು ಬಿಳಿಯಾಗಿಯೇ ಬಿಟ್ಟಿದ್ದೇನೆ. ಲೆಕ್ಕಕ್ಕೆ ಸೇರಿಸಿದೆ. ಐದು.

ಈಗ ಅಂಗಡಿಯಲ್ಲಿ ಟೈಲ್ ಕೈಗೆ ಬಂದರೆ ಮೊದಲು ಹಿಂಭಾಗ ನೋಡುತ್ತೇನೆ. ಹಳೆಯದರ ಬೆನ್ನು ಒರಟು, ಸಪಾಟು. ಮಣ್ಣು ಹಳದಿ ಅಥವಾ ಸ್ವಲ್ಪ ಕೆಂಪು. ಮೆಷಿನ್ನಿನಲ್ಲಿ ಒತ್ತಿದ್ದಾದರೆ ಗೆರೆಗೆರೆ ಅಚ್ಚು ಇರುತ್ತದೆ. ಆಮೇಲೆ ದಪ್ಪ. 17ನೇ ಶತಮಾನದ ಶುರುವಿನವು ಒಂದೂವರೆ ಸೆಂಟಿಮೀಟರ್ ತನಕ ದಪ್ಪ ಇರುತ್ತವೆ, 18ನೇ ಶತಮಾನದವು ಎಂಟು ಮಿಲಿಮೀಟರ್ ಆಸುಪಾಸು. ಕೊನೆಗೆ ಮುಂಭಾಗ, ಅದೂ ಮೂಲೆಗಳಲ್ಲಿ ಸೂಜಿಮೊನೆಯಷ್ಟು ತೂತು ಇದೆಯಾ ಅಂತ. ಹಸಿ ಮಣ್ಣಿನ ಮೇಲೆ ಚೌಕದ ಹಲಗೆ ಇಟ್ಟು ಸುತ್ತ ಕೊಯ್ಯುತ್ತಿದ್ದರು. ಹಲಗೆ ಜಾರದಿರಲಿ ಅಂತ ಅದಕ್ಕೆ ಸಣ್ಣ ಮೊಳೆ ಹೊಡೆದಿರುತ್ತಿದ್ದರು. ಆ ಮೊಳೆಯ ಗುರುತು ಅದು. ಈಗಿನವರು ಅದನ್ನೂ ನಕಲು ಮಾಡುತ್ತಾರೆ, ಆ ಮಾತು ಬೇರೆ.

ಏಪ್ರಿಲ್ 5

ಹೊಸದೇನೂ ಸಿಗಲಿಲ್ಲ. ಆಮ್‌ಸ್ಟರ್‌ಡ್ಯಾಮಿನ ರೈಕ್ಸ್‌ಮ್ಯೂಸಿಯಂಗೆ ಹೋಗಿ 17ನೇ ಶತಮಾನದ ಡಚ್ ಚಿತ್ರಕಾರ ವರ್ಮೀರ್ ಬರೆದ ಹಾಲು ಸುರಿಯುವ ಹೆಂಗಸಿನ ಚಿತ್ರದ ಮುಂದೆ ನಿಂತೆ. ಎಲ್ಲರೂ ಹಾಲು ನೋಡುತ್ತಾರೆ. ನಾನು ಕೆಳಗೆ, ನೆಲದ ಹತ್ತಿರ ನೋಡಿದೆ. ಗೋಡೆಯ ಬುಡಕ್ಕೆ ಒಂದು ಸಾಲು ಟೈಲ್ ಇದೆ! ಒಂದರಲ್ಲಿ ಬಿಲ್ಲು ಹಿಡಿದ ಕ್ಯುಪಿಡ್. ನೆಲ ಒರೆಸುವಾಗ ಸುಣ್ಣದ ಗೋಡೆ ಕೆಡದಿರಲಿ ಅಂತ ಹಾಕುತ್ತಿದ್ದದ್ದು. ಅಂದರೆ ಇದು ಅವರಿಗೆ ದೊಡ್ಡ ಕಲೆಯೇನೂ ಆಗಿರಲಿಲ್ಲ. ನೆಲ ಒರೆಸುವ ಬಟ್ಟೆ ತಾಗುವ ಜಾಗ.

ರೈಲಿನಲ್ಲಿ ಬರುವಾಗ ನಮ್ಮನೆಯವರು ಕೇಳಿದರು, "ಇದು ಪಿಂಗಾಣಿ ತಾನೇ?" ಅಲ್ಲ. ಅಲ್ಲೇ ಇರುವುದು ಮಜಾ.

ಚೀನಾದ ಪಿಂಗಾಣಿ ಮಣ್ಣೇ ಬಿಳಿ. ಡಚ್ಚರಿಗೆ ಸಿಕ್ಕಿದ್ದು ಮಾಮೂಲಿ ಮಣ್ಣು. ಅದನ್ನು ಬಿಳಿ ಮಾಡಿದ್ದು ತವರ. ನಮ್ಮ ಅಜ್ಜಿ ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕಿಸುತ್ತಿದ್ದರಲ್ಲ, ಅದೇ ತವರ. ತವರವನ್ನು ಸುಟ್ಟು ಬೂದಿ ಮಾಡಿ, ಸೀಸದ ಗಾಜಿನ ಲೇಪಕ್ಕೆ ಬೆರೆಸಿದರೆ ಲೇಪ ಹಾಲಿನ ಹಾಗೆ ಬೆಳ್ಳಗಾಗುತ್ತದೆ, ಕೆಳಗಿನ ಮಣ್ಣು ಕಾಣುವುದಿಲ್ಲ. 9ನೇ ಶತಮಾನದಲ್ಲಿ ಇರಾಕ್‌ನ ಕುಂಬಾರರು ಮಾಡಿದ್ದು ಇದು. ಅಲ್ಲಿಂದ ಸ್ಪೇನ್, ಇಟಲಿ, ಆಮೇಲೆ ಈಗಿನ ಬೆಲ್ಜಿಯಂನ ಆಂಟ್‌ವರ್ಪ್. 1585ರಲ್ಲಿ ಆಂಟ್‌ವರ್ಪ್ ಸ್ಪೇನಿನ ಸೈನ್ಯದ ಕೈಗೆ ಹೋದಾಗ ಅಲ್ಲಿದ್ದ ಬಹಳ ಜನ ಉತ್ತರಕ್ಕೆ, ಈಗಿನ ನೆದರ್‌ಲ್ಯಾಂಡ್ಸ್‌ಗೆ ಬಂದರು. ಅವರ ಜೊತೆ ಈ ಕೆಲಸವೂ ಬಂತು.

1603ರಲ್ಲಿ ಡಚ್ಚರು ಸಿಂಗಪುರದ ಹತ್ತಿರ ಸಾಂತಾ ಕಟಾರಿನಾ ಅನ್ನುವ ಪೋರ್ಚುಗೀಸ್ ಹಡಗು ಹಿಡಿದರು. ಅದರಲ್ಲಿದ್ದ ಚೀನಾ ಪಿಂಗಾಣಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಹರಾಜಾಯಿತು. ಊರಿಗೆಲ್ಲ ನೀಲಿ-ಬಿಳಿಯ ಹುಚ್ಚು ಹಿಡಿಯಿತು. 1644ರಲ್ಲಿ ಮಿಂಗ್ ರಾಜ್ಯ ಬಿದ್ದು ಚೀನಾದಿಂದ ಮಾಲು ಬರುವುದು ಕಡಿಮೆಯಾದಾಗ ಇಲ್ಲಿನ ಡೆಲ್ಫ್ಟ್ ಅನ್ನುವ ಊರಿನವರ ಅದೃಷ್ಟ ಖುಲಾಯಿಸಿತು. ಅಲ್ಲಿ ಬಿಯರ್ ಕಾರ್ಖಾನೆಗಳು ಮುಚ್ಚುತ್ತಿದ್ದವು, ಖಾಲಿ ಕಟ್ಟಡಗಳಿಗೆ ಕುಂಬಾರರು ಬಂದರು. ಎಷ್ಟೋ ಕಡೆ ಬಿಯರ್ ಕಾರ್ಖಾನೆಯ ಹೆಸರನ್ನೂ ಹಾಗೇ ಇಟ್ಟುಕೊಂಡರು. 1700ರ ಹೊತ್ತಿಗೆ ಮೂವತ್ತಕ್ಕೂ ಜಾಸ್ತಿ ಕಾರ್ಖಾನೆಗಳಿದ್ದವು. 17ನೇ ಶತಮಾನದವುಗಳಲ್ಲಿ ಇವತ್ತಿಗೂ ಉಳಿದಿರುವುದು 1653ರಲ್ಲಿ ಶುರುವಾದ ಪೋರ್ಸೆಲೈನೆ ಫ್ಲೆಸ್ ಒಂದೇ.

ತಮಾಷೆ ಏನೆಂದರೆ, ಎಲ್ಲರೂ 'ಡೆಲ್ಫ್ಟ್ ಟೈಲ್' ಅನ್ನುವ ಈ ಟೈಲ್‌ಗಳಲ್ಲಿ ಬಹುಪಾಲು ಡೆಲ್ಫ್ಟ್‌ನವಲ್ಲ. ರಾಟರ್‌ಡ್ಯಾಮ್, ಉಟ್ರೆಕ್ಟ್, ಹಾರ್ಲಿಂಗನ್, ಮಕ್ಕುಮ್ ಕಡೆಯವು. ಡೆಲ್ಫ್ಟ್‌ನವರು ತಟ್ಟೆ, ಹೂದಾನಿ ಮಾಡುವುದರಲ್ಲೇ ಮುಳುಗಿದ್ದರು. ಧಾರವಾಡದಾಚೆ ಮಾಡಿದ್ದಕ್ಕೂ ಧಾರವಾಡ ಪೇಡ ಅನ್ನುವ ಹಾಗೆ.

ಏಪ್ರಿಲ್ 27

ರಾಜನ ಹುಟ್ಟುಹಬ್ಬ. ಇಡೀ ದೇಶ ಮನೆಯ ಹಳೇ ಸಾಮಾನು ಬೀದಿಯಲ್ಲಿ ಹರಡಿಕೊಂಡು ಮಾರುವ ದಿನ. ಬೆಳಿಗ್ಗೆ ಆರಕ್ಕೇ ಚೀಲ ಹಿಡಿದು ಹೊರಟೆ.

ಒಂದು ಗಂಡ ಹೆಂಡತಿ ಬಾಳೆಹಣ್ಣಿನ ರಟ್ಟಿನ ಪೆಟ್ಟಿಗೆಯಲ್ಲಿ ಆರು ಟೈಲ್ ಇಟ್ಟುಕೊಂಡಿದ್ದರು. ಬೆನ್ನಿಗೆ ಗಾರೆ ಅಂಟಿಕೊಂಡೇ ಇತ್ತು. ಅಜ್ಜಿಯ ತೋಟದ ಮನೆ ಕೆಡವಿದಾಗ ತೆಗೆದದ್ದಂತೆ. ಆರಕ್ಕೆ 60 ಯೂರೋ. ಮೂರರಲ್ಲಿ ಆಟ: ಗಾಳಿಪಟ, ಗೋಲಿ, ದೊಡ್ಡ ಬಳೆಯಂಥ ಚಕ್ರವನ್ನು ಕೋಲಿನಿಂದ ಉರುಳಿಸುವ ಹುಡುಗ. ಉಳಿದ ಮೂರರಲ್ಲಿ ಮರ, ಸೇತುವೆ, ದೋಣಿ. ಚೌಕಾಸಿ ಮಾಡಲೇ ಇಲ್ಲ. ಎಂಟು!

ಮೇ 3

ಇವತ್ತಿನದು ನನ್ನದೇ ತಪ್ಪು. ಹಿತ್ತಾಳೆಗೆ ಹುಣಸೆಹಣ್ಣು ಹಾಕಿ ತಿಕ್ಕಿ ಬೆಳೆದವಳು ನಾನು. ಗಾರೆ ಬಿಡಲಿ ಅಂತ ದೋಣಿ ಟೈಲನ್ನು ವಿನಿಗರ್‌ನಲ್ಲಿ ನೆನೆಸಿದೆ. ಬುಸಬುಸ ನೊರೆ ಬಂತು. ಗಾರೆ ಕರಗುತ್ತಿದೆ ಅಂತ ಖುಷಿಪಟ್ಟೆ. ಕರಗುತ್ತಿದ್ದದ್ದು ಟೈಲ್ ಕೂಡ. ಲೇಪ ಸರಿಯಾಗಿ ಕೂರಲಿ ಅಂತ ಆಗಿನ ಕುಂಬಾರರು ಮಣ್ಣಿಗೇ ಸುಣ್ಣದಂಶ ಇರುವ ಮಣ್ಣು ಬೆರೆಸುತ್ತಿದ್ದರು. ಹುಳಿ ತಾಗಿದರೆ ಅದು ಬಿಡುತ್ತದಾ? ಅಂಚಿನ ಲೇಪ ಎರಡು ಕಡೆ ಎದ್ದುಬಂತು. ಸದ್ಯ, ಆಟದ ಟೈಲ್ ಅಲ್ಲ.

ಉಳಿದವನ್ನು ಬರೀ ನೀರಲ್ಲಿ ನೆನೆಸಿ ಮರದ ಚೂಪುಕಡ್ಡಿಯಿಂದ ನಿಧಾನ ಕೆರೆದೆ. ಒಂದು ಟೈಲಿಗೆ ಎರಡು ಸಂಜೆ ಹಿಡಿಯಿತು.

ಮೇ 24

ಗಾಳಿಪಟದ ಟೈಲ್ ಒಣಗಿದ ಮೇಲೆ ಅಂಚಿನಲ್ಲಿ ಬಿಳಿ ಬೂಷ್ಟಿನ ಹಾಗೆ ಬಂತು. ಬೂಷ್ಟಲ್ಲ, ಉಪ್ಪು. ನೂರಾರು ವರ್ಷ ತೇವದ ಗೋಡೆಯಿಂದ ಕುಡಿದದ್ದು. ಒಣಗುವಾಗ ಹರಳಾಗಿ ಲೇಪವನ್ನು ಒಳಗಿಂದಲೇ ಎತ್ತಿಬಿಡುತ್ತದೆ. ಎಲ್ಲವನ್ನೂ ಬಕೆಟ್‌ನಲ್ಲಿ ಡಿಸ್ಟಿಲ್ಡ್ ವಾಟರ್‌ಗೆ ಮುಳುಗಿಸಿ, ಮೂರು ದಿನಕ್ಕೊಮ್ಮೆ ನೀರು ಬದಲಾಯಿಸುತ್ತಿದ್ದೇನೆ. ಬೆಂಗಳೂರಿನ ಮನೆಯಲ್ಲಿ ಬೋರ್‌ವೆಲ್ ನೀರು ನೋಡಲು ತಂದಿದ್ದ, ನೀರಲ್ಲಿ ಕರಗಿದ ಉಪ್ಪಿನಂಶ ಅಳೆಯುವ ಟಿಡಿಎಸ್ ಮೀಟರ್ ಈಗ ಇಲ್ಲಿ ಕೆಲಸಕ್ಕೆ ಬಂದಿದೆ. ಮೊದಲ ಸಲ 410 ತೋರಿಸಿತು. ಇವತ್ತು 35. ಸುಮ್ನೆ ಬಕೆಟ್ ನೋಡಿಕೊಂಡು ಖುಷಿಪಡುವ ಕಾಲ ಬಂತು.

ಜೂನ್ 14

ಬಕೆಟ್‌ನಿಂದ ಎಲ್ಲವೂ ಹೊರಬಂದವು. ಪಕ್ಕಪಕ್ಕ ಜೋಡಿಸಿದಾಗ ಗೊತ್ತಾಯಿತು: ಬಳೆ ಉರುಳಿಸುವ ಹುಡುಗ ಮೊದಲೇ ನನ್ನ ಹತ್ತಿರ ಇದ್ದ. ಕಾಲಿನ ಬಾಗು, ಕೋಲು ಹಿಡಿದ ಕೈ, ಬಳೆಯ ಜಾಗ ಎಲ್ಲಾ ಒಂದೇ. ಎರಡರ ಮೇಲೂ ಟ್ರೇಸಿಂಗ್ ಕಾಗದ ಇಟ್ಟು ನೋಡಿದೆ. ಕೂದಲೆಳೆಯಷ್ಟೇ ವ್ಯತ್ಯಾಸ.

ಇದಕ್ಕೆ ಕಾರಣ ಸ್ಪೊನ್ಸ್. ನಮ್ಮಲ್ಲಿ ತೂತಿರುವ ರಂಗೋಲಿ ಅಚ್ಚು ನೆಲದ ಮೇಲಿಟ್ಟು ಪುಡಿ ಸವರುತ್ತೇವಲ್ಲ, ಥೇಟ್ ಅದೇ. ಕಾಗದದ ಮೇಲೆ ಚಿತ್ರ ಬರೆದು, ಗೆರೆಯುದ್ದಕ್ಕೂ ಸೂಜಿಯಿಂದ ಚುಚ್ಚಿ, ಟೈಲ್ ಮೇಲಿಟ್ಟು ಇದ್ದಿಲ ಪುಡಿಯ ಗಂಟು ತಟ್ಟುವುದು. ಚುಕ್ಕಿ ಬಿದ್ದ ಕಡೆ ಕೋಬಾಲ್ಟ್ ನೀಲಿಯ ಗೆರೆ. ಒಲೆಯಲ್ಲಿ ಇದ್ದಿಲು ಸುಟ್ಟುಹೋಗುತ್ತದೆ, ನೀಲಿ ಉಳಿಯುತ್ತದೆ.

ಆದರೆ ಚುಕ್ಕಿ ಬರೀ ದಾರಿ ತೋರಿಸುತ್ತದೆ, ಬಣ್ಣ ತುಂಬುವುದು ಬರೆಯುವವನ ಕೈ. ಸುಡುವ ಮೊದಲು ಲೇಪ ಒಣ ಪುಡಿ. ಕುಂಚ ತಾಗಿದ ತಕ್ಷಣ ನೀರು ಹೀರಿಕೊಳ್ಳುತ್ತದೆ, ಅಳಿಸಲು ಆಗುವುದಿಲ್ಲ. ನನ್ನ ಒಬ್ಬ ಹುಡುಗನ ಮುಖದಲ್ಲಿ ಎರಡು ಚುಕ್ಕಿ, ಒಂದು ಗೆರೆ; ನಗುತ್ತಿದ್ದಾನೆ. ಇನ್ನೊಬ್ಬನ ಕಣ್ಣಿನ ಚುಕ್ಕಿ ಹರಡಿ, ಯಾರೋ ಗುದ್ದಿದ ಹಾಗಿದೆ. ಅವತ್ತು ಬರೆದವನಿಗೆ ಇದು ಎಷ್ಟನೇ ಟೈಲೋ ಏನೋ.

ಒಂದೇ ಚಿತ್ರ ಎರಡು ಸಲ ಬೇಡ ಅನ್ನುವುದು ನನ್ನ ನಿಯಮ. ಗುದ್ದಿಸಿಕೊಂಡವನನ್ನು ಬಿಡಲು ಮನಸ್ಸಿಲ್ಲ. ಇಬ್ಬರನ್ನೂ ಲೆಕ್ಕಕ್ಕೆ ಹಿಡಿದೆ.

ಜುಲೈ 12

ಪಕ್ಕದ ಬೀದಿಯ ಒಬ್ಬ ಅಜ್ಜ ಮರ ಮತ್ತು ಸೇತುವೆಯ ಎರಡು ಟೈಲ್ ತೆಗೆದುಕೊಂಡು ಮರಗಾಲು ಕಟ್ಟಿಕೊಂಡು ನಡೆಯುವ ಆಟದ ಹುಡುಗಿಯನ್ನು ಕೊಟ್ಟರು. ಅವರಿಗೆ ಆಟ ಬೇಡವಂತೆ, ಊರು-ನೀರಿನ ಚಿತ್ರವೇ ಬೇಕಂತೆ. ಒಂಬತ್ತು. ದೋಣಿಯನ್ನೂ ತೋರಿಸಿದೆ. ಅಂಚು ನೋಡಿ, "ವಿನಿಗರ್?" ಅಂದರು. ತಲೆಯಾಡಿಸಿದೆ. ಅವರೂ ಒಮ್ಮೆ ಹಾಗೇ ಮಾಡಿದ್ದರಂತೆ.

ಜುಲೈ 20

ಒಂಬತ್ತೂ ಸೇರಿ ತೂಕ ಎರಡು ಕಿಲೋ ಮುನ್ನೂರು ಗ್ರಾಂ. ಹದಿನಾರಾದರೆ ನಾಲ್ಕು ಕಿಲೋ ದಾಟಬಹುದು. ಸಿಮೆಂಟ್ ಹಾಕುವ ಮಾತೇ ಇಲ್ಲ. ಹಲಗೆಗೆ ತೆಳುವಾದ ಮರದ ಪಟ್ಟಿ ಹೊಡೆದು, ಒಂದೊಂದನ್ನೂ ಬೇಕಾದಾಗ ಜಾರಿಸಿ ತೆಗೆಯುವ ಹಾಗೆ ಮಾಡಬೇಕು. ಬಡಗಿ ಕೆಲಸ ನಮ್ಮನೆಯವರ ಪಾಲಿಗೆ.

ನೆಲದ ಮೇಲೆ ಜೋಡಿಸಿ ನೋಡಿದೆವು. ಬುಗುರಿಯವನನ್ನು ಬಲಗಡೆಯ ಕೆಳಮೂಲೆಗೆ ಇಟ್ಟರೆ ಆ ಬಿಳಿ ಮೂಲೆ ಅಷ್ಟಾಗಿ ಕಾಣುವುದಿಲ್ಲ ಅಂತ ಅವರು. ನಾನು ಮಧ್ಯಕ್ಕೆ ಇಟ್ಟಿದ್ದೇನೆ.

ಶನಿವಾರ ಡೆಲ್ಫ್ಟ್‌ನ ಕಾಲುವೆ ಪಕ್ಕದ ಹಳೇ ಸಾಮಾನಿನ ಸಂತೆ. ಕುಪ್ಪಳಿಸಿ ಬೆನ್ನು ದಾಟುವ ಆಟದ್ದು ಒಂದು ಬೇಕೇ ಬೇಕು. ಪರ್ಸ್‌ನಲ್ಲಿ ನಲವತ್ತೇ ಯೂರೋ. ಟಾರ್ಚ್ ಚಾರ್ಜ್‌ಗೆ ಹಾಕಿದ್ದೇನೆ.