32 ಜಿಬಿ ಕಾರ್ಡಿನ ಇಮೇಜ್ ಇನ್ನೊಂದು 32 ಜಿಬಿ ಕಾರ್ಡಿಗೆ ಹಿಡಿಸಲಿಲ್ಲ

ಸಣ್ಣ ಬೋರ್ಡ್ ಕಂಪ್ಯೂಟರ್‌ಗಳಿಗೆ ಮೆಮೊರಿ ಕಾರ್ಡ್ ತಯಾರು ಮಾಡುವುದು ನನ್ನ ಕೆಲಸ. ಒಂದು ಕಾರ್ಡಿಗೆ ಲಿನಕ್ಸ್ ಹಾಕಿ, ಬೇಕಾದ್ದೆಲ್ಲ ಸೇರಿಸಿ, ಡಿಡಿ (dd) ಕಮಾಂಡಿನಿಂದ ಇಮೇಜ್, ಅಂದರೆ ಇಡೀ ಕಾರ್ಡಿನ ಯಥಾವತ್ ಪ್ರತಿಯನ್ನು ಒಂದೇ ಫೈಲಾಗಿ ತೆಗೆದು ಉಳಿದವಕ್ಕೆ ಬರೆಯುತ್ತಿದ್ದೆ. ಒಮ್ಮೆ ಬೇರೆ ತಯಾರಿಕೆಯ ಕಾರ್ಡ್‌ಗಳು ಬಂದವು. ಅವೂ 32 ಜಿಬಿಯೇ. ಆದರೆ ಬರೆಯುವಾಗ ಇನ್ನೇನು ಮುಗಿಯಿತು ಅನ್ನುವಷ್ಟರಲ್ಲಿ ಜಾಗ ಸಾಲದು ಅಂತ ನಿಂತುಬಿಟ್ಟಿತು. ಕಾರ್ಡಿನ ಮೇಲಿನ ಅಂಕಿ ಒಂದೇ ಆದರೂ ಒಳಗಿನ ಸೆಕ್ಟರ್‌ಗಳ (ಜಾಗವನ್ನು ಅಳೆಯುವ ಚಿಕ್ಕ ತುಣುಕುಗಳ) ಲೆಕ್ಕ ಕಂಪನಿಯಿಂದ ಕಂಪನಿಗೆ ಸ್ವಲ್ಪ ಬೇರೆ ಇರುತ್ತದೆ.

ಕೊನೆಯ ಭಾಗ ಹೇಗೂ ಖಾಲಿ ಅಲ್ವಾ ಅಂದುಕೊಂಡು ಆ ಕಾರ್ಡನ್ನೇ ಬೋರ್ಡಿಗೆ ಹಾಕಿದೆ. ಲಿನಕ್ಸ್‌ನ ತಿರುಳಾದ ಕರ್ನಲ್ ಶುರುವಾಯಿತು, ಸಿಸ್ಟಮ್ ಫೈಲ್‌ಗಳೆಲ್ಲ ಇರುವ ರೂಟ್ ಭಾಗ ಮಾತ್ರ ಮೌಂಟ್ ಆಗಲಿಲ್ಲ, ಅಂದರೆ ಬಳಕೆಗೆ ತೆರೆದುಕೊಳ್ಳಲಿಲ್ಲ. ಪರದೆ ಮೇಲೆ 'ಬ್ಯಾಡ್ ಜಾಮೆಟ್ರಿ' ಅನ್ನುವ ಸಾಲು. ಆ ಭಾಗದಲ್ಲಿ ಫೈಲ್‌ಗಳನ್ನು ಜೋಡಿಸಿಡುವ ವ್ಯವಸ್ಥೆ, ಅಂದರೆ ಫೈಲ್‌ಸಿಸ್ಟಮ್, ಎಕ್ಸ್ಟ್4 (ext4). ಅದು ಜಾಗವನ್ನು ಬ್ಲಾಕ್‌ಗಳಾಗಿ ಹಂಚಿ, ತನ್ನಲ್ಲಿ ಎಷ್ಟು ಬ್ಲಾಕ್ ಇವೆ ಅಂತ ಬರೆದಿಟ್ಟುಕೊಂಡಿರುತ್ತದೆ. ಡಿಸ್ಕ್ ಅದಕ್ಕಿಂತ ಚಿಕ್ಕದಾದರೆ ಕರ್ನಲ್ ಒಪ್ಪುವುದಿಲ್ಲ, ಕಡಿಮೆ ಬಿದ್ದ ಜಾಗ ಖಾಲಿಯೇ ಇದ್ದರೂ.

ಹಾಗಾಗಿ ಇಮೇಜನ್ನೇ ಚಿಕ್ಕದು ಮಾಡಬೇಕು. ಮೂಲ ಇಮೇಜ್ ಮುಟ್ಟದೆ ಒಂದು ಪ್ರತಿ ಮಾಡಿಕೊಳ್ಳಿ. ಅದನ್ನು ಲೂಪ್ ಡಿವೈಸ್ ಆಗಿ, ಅಂದರೆ ಫೈಲೇ ಒಂದು ಡಿಸ್ಕ್ ಅನ್ನುವಂತೆ ಜೋಡಿಸಿ, ಮೌಂಟ್ ಮಾಡದೆ ಫೈಲ್‌ಸಿಸ್ಟಮ್ ತಪಾಸಣೆ ನಡೆಸಿ. ಆಮೇಲೆ ರೀಸೈಜ್2ಎಫ್‌ಎಸ್ (resize2fs) ಕಮಾಂಡಿನಿಂದ ಮೊದಲು ಫೈಲ್‌ಸಿಸ್ಟಮ್ ಕುಗ್ಗಿಸಿ, ನಂತರ ಅದು ಕೂತಿರುವ ಪಾರ್ಟಿಷನ್ (ಡಿಸ್ಕಿನ ವಿಭಾಗ) ಕುಗ್ಗಿಸಿ, ಕೊನೆಗೆ ಫೈಲಿನ ಬಾಲ ಕತ್ತರಿಸಿ. ಪಾರ್ಟಿಷನ್ ಮೊದಲು ಕತ್ತರಿಸಿದರೆ ಫೈಲ್‌ಸಿಸ್ಟಮ್‌ನ ತುದಿ ಅದರ ಹೊರಗೆ ಉಳಿಯುತ್ತದೆ, ಮತ್ತೆ ಅದೇ 'ಬ್ಯಾಡ್ ಜಾಮೆಟ್ರಿ'.

ಇಲ್ಲಿ ಲೆಕ್ಕ ತಪ್ಪುವವರೇ ಜಾಸ್ತಿ. ನನ್ನ ಇಮೇಜಿನಲ್ಲಿ ರೂಟ್ ಪಾರ್ಟಿಷನ್ ಶುರುವಾಗುವುದು 5,32,480ನೇ ಸೆಕ್ಟರ್‌ನಿಂದ. ಕುಗ್ಗಿಸಿದ ಮೇಲೆ ಫೈಲ್‌ಸಿಸ್ಟಮ್ 10 ಲಕ್ಷ ಬ್ಲಾಕ್ ಆಯಿತು. ಒಂದು ಬ್ಲಾಕ್ 4096 ಬೈಟ್, ಒಂದು ಸೆಕ್ಟರ್ 512. ಅಂದರೆ ಬ್ಲಾಕಿಗೆ 8 ಸೆಕ್ಟರ್, ಒಟ್ಟು 80 ಲಕ್ಷ. ಶುರುವಿನ ಸಂಖ್ಯೆ ಕೂಡಿಸಿ ಒಂದು ಕಳೆದರೆ ಕೊನೆಯ ಸೆಕ್ಟರ್ 85,32,479. ಎಣಿಕೆ ಸೊನ್ನೆಯಿಂದ ಶುರುವಾಗುವುದರಿಂದ ಫೈಲಿನ ಅಳತೆಗೆ ಆ ಒಂದನ್ನು ಮತ್ತೆ ಸೇರಿಸಬೇಕು: 85,32,480 ಸೆಕ್ಟರ್, ಅಂದರೆ 436,86,29,760 ಬೈಟ್. ಆ ಒಂದು ಸೆಕ್ಟರ್ ಮರೆತರೆ ಫೈಲ್‌ಸಿಸ್ಟಮ್‌ನ ಕೊನೆಯ ಬ್ಲಾಕ್ ಅರ್ಧಕ್ಕೇ ತುಂಡಾಗುತ್ತದೆ. ಕುಗ್ಗಿಸಲೆಂದು ಪಾರ್ಟಿಷನ್ ಅಳಿಸಿ ಮತ್ತೆ ಮಾಡುವಾಗ ಶುರುವಿನ ಸೆಕ್ಟರ್ ಒಂದಿಷ್ಟೂ ಬದಲಾಗಬಾರದು.

ಯಾವ ಪಾರ್ಟಿಷನ್ ಎಲ್ಲಿದೆ ಅಂತ ಬರೆದಿಡುವ ಟೇಬಲ್‌ನಲ್ಲಿ ಎಂಬಿಆರ್ (MBR), ಜಿಪಿಟಿ (GPT) ಅಂತ ಎರಡು ಬಗೆ. ಇದು ಎಂಬಿಆರ್ ಟೇಬಲ್ ಇರುವ ಇಮೇಜಿನ ಲೆಕ್ಕ. ಜಿಪಿಟಿ ಆದರೆ ಟೇಬಲ್‌ನ ಇನ್ನೊಂದು ಪ್ರತಿ ಡಿಸ್ಕಿನ ತುದಿಯಲ್ಲಿರುತ್ತದೆ. ಅದಕ್ಕೂ ಜಾಗ ಬಿಟ್ಟು ಕತ್ತರಿಸಿ, ಆ ಪ್ರತಿಯನ್ನು ಹೊಸದಾಗಿ ಬರೆಸಬೇಕು.

ಕಾರ್ಡಿಗೆ ಹಾಕಿದ ಮೇಲೆ ಹಿಗ್ಗಿಸುವುದು ಸುಲಭ. ಕ್ರಮ ಮಾತ್ರ ಉಲ್ಟಾ: ಮೊದಲು ಪಾರ್ಟಿಷನ್, ಆಮೇಲೆ ಫೈಲ್‌ಸಿಸ್ಟಮ್. ಎಕ್ಸ್ಟ್4 ಓಡುತ್ತಿರುವಾಗಲೇ ಹಿಗ್ಗುತ್ತದೆ, ಹಾಗಾಗಿ ಬೋರ್ಡ್ ಮೊದಲ ಸಲ ಶುರುವಾದಾಗ ತಾನೇ ಹಿಗ್ಗಿಸಿಕೊಳ್ಳುವಂತೆ ಒಂದು ಸ್ಕ್ರಿಪ್ಟ್ ಇಟ್ಟಿದ್ದೇನೆ. ಈಗ ನಾಲ್ಕು ಜಿಬಿ ಚಿಲ್ಲರೆಯ ಅದೇ ಇಮೇಜ್ ಯಾವ ಕಂಪನಿಯ 32 ಜಿಬಿ ಕಾರ್ಡಿಗಾದರೂ ಹಿಡಿಸುತ್ತದೆ, ಬರೆಯಲು ಮೊದಲಿನಷ್ಟು ಹೊತ್ತೂ ಬೇಕಾಗುವುದಿಲ್ಲ.