ಕಪ್ಪೆಚಿಪ್ಪು ಕಾವಲು: ಪಲ್ಪಿಂಗ್ ಕಾಲದ ವರದಿ

ಕೊಡಗಿನ ಮಾದಾಪುರ ಕಡೆಯ ನಮ್ಮ ತೊರೆಯ ಮಡುವಿನಲ್ಲಿ, ನೀರು ಕೆಟ್ಟರೆ ತಿಳಿಯಲೆಂದು ಪಂಜರದೊಳಗೆ ಇಟ್ಟಿದ್ದ ಕಪ್ಪೆಚಿಪ್ಪುಗಳು ಮಳೆಗಾಲ ದಾಟಿವೆ. ಕೆರೆಯಿಂದ ತಂದ ಜೀವಗಳು ಹರಿಯುವ ನೀರಿಗೆ ಒಗ್ಗುತ್ತವೆಯೇ ಎಂಬ ಅನುಮಾನ ಸದ್ಯಕ್ಕೆ ತೀರಿದೆ. ಡಿಸೆಂಬರ್ ಬಂದಿದೆ, ಅರೇಬಿಕಾ ಕಾಫಿಯ ಕೊಯ್ಲು ನಡೆದಿದೆ, ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್‌ ಯಂತ್ರಗಳು ತಿರುಗುತ್ತಿವೆ. ನೀರು ಕೆಟ್ಟರೆ ಬಾಯಿ ಮುಚ್ಚಿಕೊಳ್ಳುವ ಚಿಪ್ಪುಗಳ ಕೆಲಸ ಶುರುವಾಗುವುದು ಈಗಲೇ.

ಪ್ರತಿ ಚಿಪ್ಪಿನ ಒಂದು ಹೋಳನ್ನು ಎಪಾಕ್ಸಿಯಿಂದ ಕಲ್ಲಿಗೆ ಅಂಟಿಸಿದ್ದೇನೆ. ಆ ಹೋಳಿನ ಮೇಲೆ ಕಾಂತಕ್ಷೇತ್ರ ಅಳೆಯುವ ಹಾಲ್ ಸೆನ್ಸರ್, ಎದುರು ಹೋಳಿನ ಮೇಲೆ ಪುಟ್ಟ ಅಯಸ್ಕಾಂತ. ಬಾಯಿ ತೆರೆದರೆ ಅಂತರ ಹೆಚ್ಚುತ್ತದೆ, ಕಾಂತಕ್ಷೇತ್ರ ತಗ್ಗುತ್ತದೆ, ಅಂಕಿ ಮೆಮೊರಿ ಕಾರ್ಡ್ ಸೇರುತ್ತದೆ. ಪೋಲೆಂಡಿನ ವಾರ್ಸಾ ನಗರದ ಕುಡಿಯುವ ನೀರಿನ ಘಟಕದಲ್ಲಿ ಎಂಟು ಚಿಪ್ಪುಗಳು ಇದೇ ಬಗೆಯಲ್ಲಿ ಕಾವಲು ಕಾಯುತ್ತವೆ. ನಮ್ಮಲ್ಲಿ ಕರೆಂಟಿನ ಭರವಸೆ ಇಲ್ಲದ ಕಾರಣ ಬ್ಯಾಟರಿಗೆ ಸೋಲಾರ್ ಪ್ಯಾನೆಲ್ ಜೋಡಿಸಿದ್ದೇನೆ.

ಒಂದು ಚಿಪ್ಪು ಮುಚ್ಚಿದರೆ ಅದಕ್ಕೆ ಅರ್ಥವಿಲ್ಲ. ಏಡಿ ತಾಗಿರಬಹುದು, ನೆರಳು ಬಿದ್ದಿರಬಹುದು. ಹೆಚ್ಚಿನವು ಒಟ್ಟಿಗೆ ಮುಚ್ಚಿ ಗಂಟೆಗಟ್ಟಲೆ ಹಾಗೆಯೇ ಇದ್ದರೆ ಮಾತ್ರ ನಾನು ಬಾಟಲಿ ಹಿಡಿದು ನೀರು ತುಂಬಿಸಲು ಹೊರಡುತ್ತೇನೆ. ಪಲ್ಪಿಂಗ್ ನೀರಿನಲ್ಲಿರುವ ಸಕ್ಕರೆ, ಪೆಕ್ಟಿನ್ ಎಂಬ ಹಣ್ಣಿನ ಅಂಟು ಕೊಳೆಯುವಾಗ ನೀರಿನ ಆಮ್ಲಜನಕವನ್ನು ತಿಂದುಹಾಕುತ್ತವೆ. ಮೀಟರ್ ಹಿಡಿದು ಹಗಲು ಹೋದವರಿಗೆ ರಾತ್ರಿ ಹರಿದದ್ದು ಸಿಗುವುದಿಲ್ಲ, ಚಿಪ್ಪಿಗೆ ಸಿಗುತ್ತದೆ. ಪಕ್ಕದ ತೋಟದ ಅಣ್ಣ ಬಂದು ನೋಡಿ, "ನಮ್ಮ ಮೇಲೆ ಬೇಹುಗಾರರನ್ನು ಬಿಟ್ಟಿದ್ದೀರಾ?" ಎಂದು ನಕ್ಕರು. ಅಷ್ಟೇನೂ ತಪ್ಪು ಮಾತಲ್ಲ.

ತಂತ್ರಾಂಶದಲ್ಲಿ ಹೆಚ್ಚು ತಲೆ ತಿಂದದ್ದು ಸಾವು. ಸತ್ತ ಚಿಪ್ಪಿನ ಸ್ನಾಯು ಸಡಿಲವಾಗಿ ಬಾಯಿ ತೆರೆದೇ ಉಳಿಯುತ್ತದೆ. ಅಂಕಿ ಮಾತ್ರ ನೋಡಿದರೆ ಪರಮ ಆರೋಗ್ಯ! ಹಾಗಾಗಿ ತೆರೆದ ಗೆರೆ ಅಲುಗದೆ ನಿಂತರೆ ಎಚ್ಚರಿಕೆ ಬರುವಂತೆ ಬರೆದಿದ್ದೇನೆ. ಬದುಕಿದ್ದು ನಡುನಡುವೆ ಬಾಯಿ ಕದಲಿಸುತ್ತದೆ.

ಇನ್ನು ತಾಮ್ರ. ಮಳೆಗೆ ಮೊದಲು ಶಿಲೀಂಧ್ರ ರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣದ ಮೈಲುತುತ್ತ (ತಾಮ್ರದ ಲವಣ) ಎಲ್ಲಿಗೆ ಹೋಗುತ್ತದೆ ಎಂಬುದಕ್ಕೆ ಬಾಯಿಯ ಅಂಕಿ ಸಾಲದು, ಮಾಂಸವನ್ನೇ ಪರೀಕ್ಷಿಸಬೇಕು. 1975ರಲ್ಲಿ ಅಮೆರಿಕದ ಸಾಗರ ರಸಾಯನ ವಿಜ್ಞಾನಿ ಎಡ್ವರ್ಡ್ ಗೋಲ್ಡ್‌ಬರ್ಗ್ ಕರಾವಳಿ ಮಾಲಿನ್ಯವನ್ನು ಅಳೆಯಲು ಚಿಪ್ಪುಜೀವಿಗಳನ್ನು ಸೂಚಿಸಿದ್ದು ಅವು ಲೋಹ, ಕೀಟನಾಶಕಗಳನ್ನು ಮೈಯಲ್ಲಿ ಕೂಡಿಡುತ್ತವೆ ಎಂದೇ. ಅಳಿವೆಯಲ್ಲಾದರೆ ತಾಮ್ರ, ಸತುವಿಗೆ ಸಿಂಪಿಯೇ (ಆಯ್‌ಸ್ಟರ್) ವಾಸಿ. ಕಡಲಿನ ಕಪ್ಪೆಚಿಪ್ಪಾದ ಪಚ್ಚಿಲೆಗಿಂತ ಅದು ಬಹಳ ಹೆಚ್ಚು ಹಿಡಿದಿಡುತ್ತದೆ. ಆದರೆ ಅಲ್ಲಿ ಉಪ್ಪು ಇಳಿದರೂ ಚಿಪ್ಪು ಬಾಯಿ ಮುಚ್ಚುತ್ತದೆ. ಮಳೆಗಾಲದ ಸಿಹಿನೀರನ್ನು ವಿಷ ಎಂದು ಓದದಿರಲು ಲವಣಾಂಶದ ಸೆನ್ಸರ್ ಬೇಕೇ ಬೇಕು. ಕೊಡಗಿನ ಬರಪೊಳೆ ವಳಪಟ್ಟಣಂ ಹೊಳೆಯನ್ನು ಕೂಡಿ ಕಣ್ಣೂರಿನ ಬಳಿ ಕಡಲು ಸೇರುತ್ತದೆ. ಅಲ್ಲಿನ ಅಳಿವೆಯ ಮೇಲೆ ನನಗೆ ಆಸೆಯಿದೆ, ಜೇಬಿಗೆ ಇನ್ನೂ ಇಲ್ಲ.

ಸದ್ಯಕ್ಕೆ ಒಂದೇ ಉದ್ದದ ಕೆಲವು ಚಿಪ್ಪುಗಳನ್ನು ಆರಿಸುತ್ತಿದ್ದೇನೆ, ಗಾತ್ರ ಬೇರೆಯಾದರೆ ಲೋಹದ ಪ್ರಮಾಣ ಹೋಲಿಸಲಾಗದು. ಹೊಟ್ಟೆಯ ಕೆಸರು ಹೋಗಲು ಎರಡು ದಿನ ಶುದ್ಧ ನೀರಿನಲ್ಲಿಟ್ಟು ಪ್ರಯೋಗಾಲಯಕ್ಕೆ ಕೊಡಬೇಕು. ಹೋಲಿಕೆಗೆಂದು ತೋಟಗಳಿಗಿಂತ ಮೇಲಿನ ನೀರಿನಲ್ಲಿ ಇಟ್ಟ ಚಿಪ್ಪುಗಳೂ ಜೊತೆಗೆ ಹೋಗುತ್ತವೆ.